ಸಾಕವ್ವನೂ ಆಕೆಯೇ, ನಗಿಸಿದವಳೂ ಆಕೆಯೇ

ವಿಜಯಪುರದ ಮಗ್ಗುಲಿಗಿರುವ ಅರಕೇರಿ ಅಮೋಘಸಿದ್ಧನ ಊರು. ಡೊಳ್ಳಿನ ಪದದವರು ಹರದೇಶಿ, ನಾಗೇಶಿ ಎಂದು ಎರಡು ಬಣವಾಗಿ ನಿಂತು, ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ಬೆಳತನಕ ಹಾಡಿನಲ್ಲೇ ಜಗ್ಗಾಡುವ ಸೀಮೆ ಇದು. ವಾದಕ್ಕೆ ಇಲ್ಲಿ ಮರ್ಯಾದೆ ಇದೆ. ಈಗ ಕಟ್ಟೆಯ ಮೇಲೆ ಕುಳಿತವರು ಇಬ್ಬರು. ಒಬ್ಬರು ಪ್ರಾಯದಲ್ಲಿ ಊರ ನಾಟಕಗಳಲ್ಲಿ ಪಾರ್ಟು ಮಾಡಿ, ಈಗ ಹುಡುಗರಿಗೆ ನಾಟಕ ಕಲಿಸುವ ಕಾಕಾ. ಇನ್ನೊಬ್ಬಳು ಅವರ ಅಣ್ಣನ ಮಗಳು, ತೊರವಿಯ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ಕನ್ನಡ ಎಂ.ಎ. ಓದುತ್ತಿರುವವಳು. ಒಳಗೆ ಟಿವಿಯಲ್ಲಿ ‘ಪುಟ್ಟಕ್ಕನ ಮಕ್ಕಳು’ ಆಗತಾನೇ ಮುಗಿದಿದೆ.

ಕಾಕಾ: ನಿಮ್ಮವ್ವ, ನಿಮ್ಮಜ್ಜಿ ಇಬ್ಬರೂ ದಿನಾ ಸಂಜಿಕೆ ಆಕಿ ಮುಂದ ಕುಂತು ಕಣ್ಣೀರು ಹಾಕತಾರ. ಗಂಡ ಬಿಟ್ಟು ಹೋದ ಮ್ಯಾಲ ಮೆಸ್ ನಡಿಸಿ ಮೂರು ಹೆಣ್ಣುಮಕ್ಕಳನ್ನ ಸಾಕಿದ ಪುಟ್ಟಕ್ಕ. ಉಮಾಶ್ರೀ ಛಲೋ ಮಾಡತಾಳ, ನಾ ಇಲ್ಲಂಗಿಲ್ಲ. ಆದ್ರ ಆಕಿನ್ನ ನೋಡಿದಾಗೆಲ್ಲ ನನಗ ಒಳಗೊಳಗ ಸಿಟ್ಟು ಬರತೈತಿ.

ಹುಡುಗಿ: ಸಿಟ್ಟು ಯಾಕ್ರಿ ಕಾಕಾ? ಅವರು ನಿಮಗೇನು ಮಾಡ್ಯಾರ?

ಕಾಕಾ: ಇಷ್ಟು ತಾಕತ್ತು ಇದ್ದಾಕಿ, ವರ್ಷಗಟ್ಟಲೆ ಸಿನಿಮಾದಾಗ ಎಂಥೆಂಥಾ ಮಾತು ಆಡಿದ್ಲು! ಹಾಸ್ಯನಟ ಎನ್.ಎಸ್. ರಾವ್ ಜೋಡಿ ಆಕಿ ಬಂದ್ಲಂದ್ರ ಟಾಕೀಸಿನಾಗ ಸೀಟಿ ಬೀಳತಿತ್ತು. ಎರಡರ್ಥದ ಮಾತು. ಮನಿ ಮಂದಿ ಕೂಡಿ ನೋಡುವಂಗಿದ್ದಿಲ್ಲ. ಆ ಮಾತು ಸಿನಿಮಾದಿಂದ ಹಳ್ಳಿ ನಾಟಕಕ್ಕ ಇಳೀತು. ಇವತ್ತು ನಾ ನಾಟಕ ಕಲಸಾಕ ಕುಂತ್ರ ಹುಡುಗರು ಮೊದಲು ಕೇಳೂದು, ಕಾಮಿಡಿ ಸೀನ್ ಎಷ್ಟದಾವ್ರಿ ಅಂತ.

ಹುಡುಗಿ: ಸಿನಿಮಾದಿಂದ ನಾಟಕಕ್ಕ ಬಂತೋ, ನಾಟಕದಿಂದ ಸಿನಿಮಾಕ್ಕ ಹೋತೋ? ಬನಶಂಕರಿ ಜಾತ್ರಿಯಾಗ ಸಾಲಾಗಿ ಕಂಪನಿ ಟೆಂಟ್ ಹಾಕತಾರ. ಆ ನಾಟಕದ ಹೆಸರು ಬೋರ್ಡಿನ ಮ್ಯಾಲ ಓದೂದಕ್ಕ ನಮಗ ನಾಚಿಕಿ ಆಕ್ಕೈತಿ. ಅವನ್ನ ಯಾವ ಉಮಾಶ್ರೀಯವರು ಬರದಾರ?

ಕಾಕಾ: ಬರದವರು ಬ್ಯಾರೆ, ಖರೆ. ಆಡಿ ಅದಕ್ಕ ಜೀವ ಕೊಟ್ಟಾಕಿ ಆಕಿ. ಬಲ ಇಲ್ಲದಾಕಿ ಆಡಿದ್ರ ಆ ಮಾತು ಅಲ್ಲೇ ಸತ್ತು ಹೋಗತಿತ್ತು. ಆಕಿ ಆಡಿದ್ದಕ್ಕ ಉಳೀತು. ಕಲಾವಿದೆಯ ಜವಾಬ್ದಾರಿ ಅಂದ್ರ ಇದ.

ಹುಡುಗಿ: ಹಂಗಾದ್ರ ಅವರ ಬದುಕಿನ ಲೆಕ್ಕ ಮೊದಲಿಂದ ತಗೀರಿ. ತಿಪಟೂರು ತಾಲ್ಲೂಕಿನ ನೊಣವಿನಕೆರೆಯಾಗ 1957ರಾಗ ಹುಟ್ಟಿದವರು. ಸಣ್ಣ ವಯಸ್ಸಿನಾಗ ತಂದಿ-ತಾಯಿನ್ನ ಕಳಕೊಂಡವರು. ಮದುವಿ ಆಗಿ, ಅದು ಮುರಿದು ಬಿದ್ದು, ಎರಡು ಮಕ್ಕಳನ್ನ ಒಬ್ಬರೇ ಬೆಳೆಸಿದವರು. ಬೆಂಗಳೂರಿನಾಗ ಹವ್ಯಾಸಿ ನಾಟಕ ಮಾಡಕೋಂತ ಬಂದವರಿಗೆ ದುಡ್ಡು ಎಲ್ಲಿಂದ ಬರಬೇಕು? ನೀವೇ ನಾಟಕದವರು. ಹವ್ಯಾಸಿ ನಾಟಕ ಯಾರ ಮನಿ ಒಲಿ ಹಚ್ಚೈತಿ ಹೇಳ್ರಿ.

ಕಾಕಾ: ಒಲಿ ಹಚ್ಚಿಲ್ಲ. ಆದ್ರ ಆ ನಾಟಕದಾಗ ಆಕಿ ಏನು ಮಾಡಿದ್ಲು ಗೊತ್ತೈತೇನು ನಿನಗ? ದೇವನೂರ ಮಹಾದೇವರ ‘ಒಡಲಾಳ’ವನ್ನ ಸಿ.ಜಿ. ಕೃಷ್ಣಸ್ವಾಮಿ ರಂಗಕ್ಕ ತಂದಾಗ ಸಾಕವ್ವ ಆದಾಕಿ ಈಕಿನೇ.

ಹುಡುಗಿ: ಕಥಿ ನಮ್ಮ ಕ್ಲಾಸಿನಾಗ ಓದೀವಿ. ಆಟದ ಬಗ್ಗೆ ಬರೀ ಕೇಳೀನಿ.

ಕಾಕಾ: ಕಥಿಯಾಗ ಸಾಕವ್ವ ಹಣ್ಣುಹಣ್ಣು ಮುದುಕಿ. ಆಕಿ ಹುಂಜ ಕಳೀತೈತಿ. ಇಡೀ ಊರು ಹುಡಕತಾಳ. ಹುಂಜ ಅಂದ್ರ ಬರೇ ಹುಂಜ ಅಲ್ಲ, ಆಕಿ ಆಸ್ತಿ, ಆಕಿ ಮಾತು ಕೇಳುವ ಒಂದೇ ಜೀವ. ಆಗ ಉಮಾಶ್ರೀ ಇನ್ನೂ ಪ್ರಾಯದಾಕಿ. ಅಷ್ಟು ಪ್ರಾಯದಾಗ ಮುದುಕಿ ಆಗೂದಂದ್ರ ಕೂದಲಿಗೆ ಬಿಳಿ ಬಳಕೊಂಡ್ರ ಸಾಲೂದಿಲ್ಲ. ಮೊಣಕಾಲು ಮುದುಕಿದಾಗಬೇಕು, ಉಸಿರು ಮುದುಕಿದಾಗಬೇಕು. ಬೈಗುಳ ಬೈದ್ರೂ ಅದರಾಗ ಮೊಮ್ಮಕ್ಕಳ ಮ್ಯಾಲಿನ ಜೀವ ಕೇಳಬೇಕು. ಸಾಹುಕಾರನ ಮನಿ ಕಡಲೆಕಾಯಿ ರಾತ್ರೋರಾತ್ರಿ ತಿಂದು ಮುಗಿಸುವಾಗ ಆ ಮನಿ ಮಂದಿ ಮುಖದಾಗ ಹಸಿವು ಐತಿ, ಅಂಜಿಕಿ ಐತಿ, ಹಬ್ಬನೂ ಐತಿ. ಅವೆಲ್ಲ ಒಂದೇ ಸರ್ತಿ ಕಾಣಬೇಕು. ಅಂಥಾ ಸಾಕವ್ವನ್ನ ಮಾಡಿದ ಬಾಯಾಗ ಆ ಮಾತು ಬಂತಲ್ಲ ಅಂತ ನನ್ನ ಸಂಕಟ. ಯಾರ್ಯಾರೋ ಆಡಿದ್ರ ನಾ ತಲಿ ಕೆಡಿಸಿಕೋತಿದ್ದಿಲ್ಲ.

ಹುಡುಗಿ: ಆ ಸಾಕವ್ವನ್ನ ನೋಡಿದ ಮ್ಯಾಲ ಯಾವ ನಿರ್ಮಾಪಕ ಅವರ ಮನಿಗೆ ಹೋಗಿ, ತಗೋರಿ, ನಿಮಗಾಗಿ ಒಂದು ಸಿನಿಮಾ ಮಾಡತೀನಿ ಅಂದ?

ಕಾಕಾ: …

ಹುಡುಗಿ: ಯಾರೂ ಅನ್ನಲಿಲ್ಲ. 1984ರಾಗ ಕಾಶೀನಾಥರ ‘ಅನುಭವ’ ಬಂತು. ಆ ಸಿನಿಮಾ ಓಡಿದ ಮ್ಯಾಲ ಅವರ ಬಾಗಿಲಿಗೆ ಬಂದವರೆಲ್ಲ ಅದೇ ನಮೂನಿ ಪಾತ್ರ ಹಿಡಕೊಂಡು ಬಂದ್ರು. ನಾಯಕಿ ಆಗಾಕ ಬಣ್ಣ ಬೇಕಾಗಿತ್ತು, ಅಳತಿ ಬೇಕಾಗಿತ್ತು. ಅವು ಇಲ್ಲದವರಿಗೆ ನಗಿಸೂ ಕೆಲಸ ಕೊಟ್ರು. ಒಲ್ಲೆ ಅಂದಿದ್ರ ಮಕ್ಕಳ ಶಾಲಿ ಫೀ ನೀವು ಕಟ್ಟತಿದ್ರೇನು?

ಕಾಕಾ: ಬಡತನದ ಮಾತು ತಂದ್ರ ಎದುರಿಗಿದ್ದವನ ಬಾಯಿ ಕಟ್ಟತೈತಿ, ನಂಗೊತ್ತು. ಆದ್ರೂ ಕೇಳತೀನಿ. ಮೊದಲಿನ ಹತ್ತು ಸಿನಿಮಾ ಹೊಟ್ಟಿಗೆ. ಐವತ್ತನೇದು? ನೂರನೇದು? ಮುನ್ನೂರಕ್ಕೂ ಹೆಚ್ಚು ಸಿನಿಮಾ ಮಾಡ್ಯಾಳ. ಎಲ್ಲೋ ಒಂದು ಕಡೆ ನಿಂತು, ಸಾಕು, ಇನ್ನು ಈ ಮಾತು ನಾ ಆಡಂಗಿಲ್ಲ ಅನ್ನಾಕ ಬರತಿದ್ದಿಲ್ಲೇನು?

ಹುಡುಗಿ: ನಿಂತಾರಲ್ಲ. ‘ಕೊಟ್ರೇಶಿ ಕನಸು’ 1994ರದ್ದು. ಕುಂ. ವೀರಭದ್ರಪ್ಪನವರ ಕಥಿ, ನಾಗತಿಹಳ್ಳಿ ಚಂದ್ರಶೇಖರ ನಿರ್ದೇಶನ. ಅದರಾಗ ಅವರು ಅದಾರ. ಮರುವರ್ಷ ‘ಪುಟ್ನಂಜ’. ಇನ್ನೂ ನಲವತ್ತು ಆಗದವರು ರವಿಚಂದ್ರನ್ ಅವರ ಅಜ್ಜಿ ಆದ್ರು. ಊರಿಗೆ ಊರೇ ಆ ಅಜ್ಜಿನ್ನ ತನ್ನ ಅಜ್ಜಿ ಅಂದುಕೊಂತು. ಅದು ಎಲ್ಲಿಂದ ಬಂತು? ಸಾಕವ್ವನ್ನ ಮಾಡಿದ ಮೊಣಕಾಲೇ ಅಲ್ಲಿ ಕೆಲಸಕ್ಕ ಬಂತು. ಜನರನ್ನ ನಗಿಸಿದಾಗ ಕಲತ ಮಾತಿನ ಹದಾನೂ ಕೆಲಸಕ್ಕ ಬಂತು. ನೀವು ಇವೆರಡನ್ನ ಬ್ಯಾರೆ ಬ್ಯಾರೆ ಚೀಲಕ್ಕ ಹಾಕಾಕ ಹೊಂಟೀರಿ.

ಕಾಕಾ: ಮಾತಿನ ಹದ ಕಲೀಬೇಕಂದ್ರ ಅಂಥಾ ಮಾತೇ ಆಡಬೇಕೇನು?

ಹುಡುಗಿ: ಬ್ಯಾಡ. ಆದ್ರ ಇನ್ನೊಂದು ಮಾತು ಹೇಳತೀನಿ, ಅದನ್ನ ನಮ್ಮ ಕ್ಲಾಸಿನಾಗೂ ಯಾರೂ ಹೇಳಂಗಿಲ್ಲ. ನಮ್ಮವ್ವ ಆ ಹಳೇ ಸಿನಿಮಾ ಟಿವಿಯಾಗ ಬಂದಾಗ ನಗತಾಳ. ನೀವು ಇಲ್ಲದಾಗ. ನಾ ಕೇಳಿದ್ನಿ, ಅವ್ವಾ ಇದರಾಗ ನಗುವಂಥಾದ್ದು ಏನೈತಿ ಅಂತ. ಆಕಿ ಹೇಳಿದ್ದು: ಆತ ಒಂದು ಅಂದ್ರ ಈಕಿ ಎರಡು ಅಂತಾಳ ನೋಡು, ಒಂದು ಸರ್ತಿನೂ ಸೋಲಂಗಿಲ್ಲ. ಖರೇನೇ ಐತಿ. ಆ ಸೀನುಗಳಾಗ ಗಂಡಸು ಪೇಚಿಗೆ ಸಿಗತಾನ. ಎಷ್ಟೋ ಸಿನಿಮಾದ ನಾಯಕಿಗೆ ಅಳೂದು ಬಿಟ್ರ ಮಾತಿಲ್ಲ. ಉಮಾಶ್ರೀಯವರ ಪಾತ್ರಕ್ಕ ಬಾಯಿ ಇತ್ತು.

ಕಾಕಾ: ಬಾಯಿ ಇತ್ತು, ಒಪ್ಪೇನಿ. ಆದ್ರ ಕ್ಯಾಮೆರಾ ಎಲ್ಲಿ ನೋಡತಿತ್ತು ಅನ್ನೂದನ್ನೂ ನೋಡು. ಬಾಯಿ ಆಕಿದು, ಕ್ಯಾಮೆರಾ ಅವರದು. ನಿಮ್ಮವ್ವ ಆ ಬಾಯಿ ಕೇಳಿ ನಕ್ಕಾಳ. ನಮ್ಮ ಕಡೆ ಕುಂತ ಗಂಡಸರು ನಕ್ಕಿದ್ದು ಬ್ಯಾರೆದಕ್ಕ. ಎರಡೂ ನಗು ಒಂದೇ ಟಾಕೀಸಿನಾಗ.

ಇಲ್ಲಿಗೆ ಇಬ್ಬರೂ ತುಸು ಸುಮ್ಮನಾದರು. ಒಂದೇ ಮಾತಿಗೆ ಎರಡು ನಗು ಎಂದು ಕಾಕಾ ಹೇಳಿದ್ದು ಸಣ್ಣ ಮಾತಲ್ಲ. ಹಾಸ್ಯನಟಿಯರ ಬಗ್ಗೆ ನಾವು ಬರೆಯುವಾಗ ಒಂದು ನಗುವನ್ನು ಹಿಡಿದು ಹೊಗಳುತ್ತೇವೆ, ಇನ್ನೊಂದನ್ನು ಹಿಡಿದು ತೆಗಳುತ್ತೇವೆ. ನಟಿಯಾದವಳಿಗೆ ಎರಡನ್ನೂ ಒಟ್ಟಿಗೇ ಎದುರಿಸಿ ನಿಲ್ಲಬೇಕಾಗುತ್ತದೆ.

ಹುಡುಗಿ: ‘ಗುಲಾಬಿ ಟಾಕೀಸ್’ ನೋಡೀರಲ್ಲ ನೀವು?

ಕಾಕಾ: ನೋಡೀನಿ. ಗಿರೀಶ ಕಾಸರವಳ್ಳಿಯವರದು. ಅದನ್ನ ನೋಡಿದ ಮ್ಯಾಲನೇ ನನ್ನ ಸಿಟ್ಟು ಹೆಚ್ಚಾತು. 2007ರ ಸಾಲಿನ ರಾಷ್ಟ್ರಪ್ರಶಸ್ತಿ ಬಂತು ಆಕಿಗೆ, ಅತ್ಯುತ್ತಮ ನಟಿ ಅಂತ. ಐವತ್ತರ ಆಚೆ. ಇದು ಮೂವತ್ತರಾಗ ಬರಬೇಕಾಗಿತ್ತು.

ಹುಡುಗಿ: ಮೂವತ್ತರಾಗ ಆ ಗುಲಾಬಿ ಆಗಾಕ ಬರತಿತ್ತೇನು? ವೈದೇಹಿಯವರ ಕಥಿ ಆಧರಿಸಿದ್ದು. ಕುಂದಾಪುರದ ಕಡೆ ಮೀನುಗಾರರ ನಡುವ ಇರುವ ಸೂಲಗಿತ್ತಿ. ಗಂಡ ಮೂಸಾ ಬ್ಯಾರೆ ಮದುವಿ ಆಗ್ಯಾನ. ಈಕಿಗೆ ಸಿನಿಮಾ ಹುಚ್ಚು. ಟಾಕೀಸಿನ ಕತ್ತಲ್ಯಾಗ ಕುಂತು ಪರದೆ ನೋಡುವಾಗ ಆ ಮುಖ ನೋಡ್ರಿ. ಹೊರಗ ಯಾರಿಗೂ ಬ್ಯಾಡಾದ ಹೆಂಗಸು, ಅಲ್ಲಿ ಮಾತ್ರ ಸಣ್ಣ ಕೂಸಾಗತಾಳ. ಮಾತಿಲ್ಲ. ಸಾಕವ್ವನಂಗ ಬೈಗುಳ ಇಲ್ಲ, ಹಳೇ ಸಿನಿಮಾದಂಗ ಜಿದ್ದಿಗೆ ಬಿದ್ದ ಮಾತಿಲ್ಲ. ಅಷ್ಟು ವರ್ಷ ಮಾತಿನ ಮ್ಯಾಲನೇ ಬದುಕಿದವರು ಮಾತು ಬಿಟ್ಟು ನಿಂತಾರ. ಅದು ಮುಖಕ್ಕ ಬರಬೇಕಂದ್ರ ಅಷ್ಟು ವರ್ಷ ಬೇಕಾಗಿದ್ವು ಅಂತ ನಾ ಅಂತೀನಿ.

ಕಾಕಾ: ಅದ ಸಿನಿಮಾನ ನಾ ನಿನ್ನ ಮ್ಯಾಲ ತಿರುಗಿಸತೀನಿ ತಡಿ. ಗುಲಾಬಿ ಗುಡಿಸಲಕ್ಕ ಬಣ್ಣದ ಟಿವಿ ಬರತೈತಿ, ಡಿಶ್ ಬರತೈತಿ. ಹೆಂಗಸರೆಲ್ಲ ಸೇರತಾರ. ಆಮ್ಯಾಲ ಏನಾಗತೈತಿ? ಕಾರ್ಗಿಲ್ ಯುದ್ಧದ ಹೊತ್ತು. ಮೀನಿನ ದಂಧೆದ ಜಗಳ ಜಾತಿ-ಧರ್ಮದ ಜಗಳ ಆಗತೈತಿ. ಕಡೀಕ ಗುಲಾಬಿನೇ ಊರು ಬಿಡಬೇಕಾಗತೈತಿ. ಅಂಥಾ ಸಿನಿಮಾ ಮಾಡಿದಾಕಿ, ಹೊಳ್ಳಿ ಬಂದು ಅದೇ ಟಿವಿಯಾಗ ದಿನಾ ಅರ್ಧ ತಾಸು ಧಾರಾವಾಹಿ ಮಾಡತಾಳ. 2021ರ ಡಿಸೆಂಬರಿನಿಂದ. ಮತ್ತ ಅದೇ ಅಳು, ಅದೇ ಸವತಿ, ಅದೇ ಸಂಚು.

ಹುಡುಗಿ: ಸಿನಿಮಾದಾಗ ಊರು ಒಡದಿದ್ದು ಟಿವಿಯಿಂದ ಅಲ್ಲ. ಆ ಗುಡಿಸಲದಾಗ ಹೆಂಗಸರು ಕೂಡಿ ಕುಂತು ನಗತಿದ್ರು, ಅದು ಟಿವಿಯಿಂದ. ಧಾರಾವಾಹಿದಾಗ ತಕರಾರು ಇಲ್ಲಂತ ನಾನೂ ಅನ್ನಂಗಿಲ್ಲ. ಗುರುವಾರ ಟಿಆರ್‌ಪಿ ಬರತೈತಿ. ಅದು ಇಳೀತಂದ್ರ ಕಥಿ ದಿಕ್ಕು ತಪ್ಪತೈತಿ. ನಟಿ ಮುಂದಿನ ವಾರ ತಾನು ಏನು ಮಾಡಬೇಕಂತ ತಿಳೀದ ಇವತ್ತಿನ ಸೀನ್ ಮಾಡಬೇಕು. ನಾಟಕದಾಗ ನಿಮಗ ಕಡೀ ಅಂಕ ಗೊತ್ತಿರತೈತಿ, ಅದಕ್ಕ ತಕ್ಕಂಗ ಮೊದಲನೇ ಅಂಕ ಹದ ಮಾಡಕೋತೀರಿ. ಅವರಿಗೆ ಆ ಸವಲತ್ತಿಲ್ಲ. ಅಂಥಾದ್ರಾಗೂ ಪುಟ್ಟಕ್ಕ ಮೆಸ್ಸಿನಾಗ ಊಟ ಬಡಿಸುವಾಗ ಕೈ ನೋಡ್ರಿ, ಬಡಿಸಿ ಬಡಿಸಿ ರೂಢಿ ಆದ ಕೈ ಅದು.

ಕಾಕಾ: ಕೈ ನೋಡೀನಿ. ಕೈ ಸುಳ್ಳು ಹೇಳಂಗಿಲ್ಲ. ಅದಕ್ಕ ನಾನೂ ಎದ್ದು ಹೋಗಂಗಿಲ್ಲ, ಕುಂತು ನೋಡತೀನಿ. ನನ್ನ ಮಾತು ಇಷ್ಟ. ಬಲ ಇದ್ದವರು ಒಲ್ಲೆ ಅನ್ನೂದನ್ನೂ ಕಲೀಬೇಕು. ನಮ್ಮ ಕಡೆ ಅಮೀರಬಾಯಿನ್ನ ನೋಡು. ಬೀಳಗಿಯಿಂದ ಮುಂಬೈಗೆ ಹೋದಾಕಿ. ಬೀಳಗಿ ಅಂದ್ರ ಅವಾಗ ನಮ್ಮ ವಿಜಾಪುರ ಜಿಲ್ಲೆನೇ. ಹೆಸರಿನ ಮುಂದ ಕರ್ನಾಟಕಿ ಅಂತ ಇಟ್ಟುಕೊಂಡು ಹಿಂದೂಸ್ತಾನಕ್ಕೆಲ್ಲ ಹಾಡಿದ್ಲು. 1943ರಾಗ ‘ಕಿಸ್ಮತ್’ ಬಂತು, ಅನಿಲ್ ಬಿಸ್ವಾಸರ ಸಂಗೀತ. ಕಲಕತ್ತಾದ ರಾಕ್ಸಿ ಟಾಕೀಸಿನಾಗ ಮೂರು ವರ್ಷದ ಮ್ಯಾಲ ಓಡಿತು. ಬ್ರಿಟಿಷರು ಇನ್ನೂ ಇದ್ದಾಗ, ದೂರ ಸರೀರಿ ಅಂತ ಹಾಡಿದ ದನಿಯಾಗ ಆಕಿ ದನಿ ಐತಿ. ಮರುವರ್ಷ ‘ರತನ್’, ನೌಷಾದರದು. 1948ರಾಗ ‘ಶಹನಾಜ್’ ಅನ್ನೂ ಸಿನಿಮಾಕ್ಕ ತಾನೇ ಸಂಗೀತ ಕೊಟ್ಲು. ಒಂದು ಹಗುರ ಮಾತು ಆಡದ ಅಷ್ಟು ಎತ್ತರಕ್ಕ ಹೋದಾಕಿ.

ಹುಡುಗಿ: ರಹಮತ್ ತರೀಕೆರೆಯವರು ಅಮೀರಬಾಯಿ ಮ್ಯಾಲ ಬರದ ಪುಸ್ತಕ ನಮ್ಮ ಲೈಬ್ರರಿಯಾಗ ಐತಿ. ಓದ್ರಿ ಕಾಕಾ. ‘ಕಿಸ್ಮತ್’ನಾಗ ದನಿ ಅಮೀರಬಾಯಿದು, ಮುಖ ಮುಮ್ತಾಜ್ ಶಾಂತಿದು. ಆ ಕಾಲದ ಎಷ್ಟೋ ಗ್ರಾಮಫೋನ್ ತಟ್ಟೆ ಮ್ಯಾಲ ಹಾಡಿದವರ ಹೆಸರೇ ಇರತಿದ್ದಿಲ್ಲ, ಪಾತ್ರದ ಹೆಸರು ಅಚ್ಚು ಹಾಕತಿದ್ರು. ಘನತೆಯಿಂದ ಹಾಡಿದ್ರು, ಖರೆ. ಆ ಘನತೆ ಅವರನ್ನ ಮನಿಯಾಗ ಕಾಪಾಡಿತೇನು? ನಟನೊಬ್ಬನ ಜೋಡಿ ಆದ ಮದುವಿಯಾಗ ಎಷ್ಟು ಹಿಂಸೆ ಉಂಡ್ರು! ಅವರಕ್ಕ ಗೋಹರಬಾಯಿ ಬಾಲಗಂಧರ್ವರ ಜೋಡಿ ಬಾಳಿದ್ದಕ್ಕ ಮರಾಠಿ ರಂಗದ ಮಂದಿ ಎಷ್ಟು ಬೈದ್ರು! ಹಾಡಿದಾಕಿಗೆ ಒಂದು ಬೈಗುಳ, ನಗಿಸಿದಾಕಿಗೆ ಇನ್ನೊಂದು. ಹೆಣ್ಣು ರಂಗದ ಮ್ಯಾಲ ಬಂದ್ಲಂದ್ರ ಬೈಯಾಕ ಕಾರಣ ಹುಡುಕಿಕೊಂಡು ಬರತಾರ.

ಕಾಕಾ: 1965ರ ಮಾರ್ಚದಾಗ ತೀರಿಕೊಂಡ್ಲು ಅಮೀರಬಾಯಿ. ಮಣ್ಣು ಆಗಿದ್ದು ನಮ್ಮ ವಿಜಾಪುರದಾಗನೇ. ಅಮೀರ್ ಟಾಕೀಸ್ ಆಕಿ ಹೆಸರಿನದು. ನಾವು ಅಲ್ಲಿ ಎಷ್ಟು ಸಿನಿಮಾ ನೋಡೀವಿ! ಆ ಅಮೀರ್ ಯಾರಂತ ಮಾತ್ರ ಒಬ್ಬರೂ ಹೇಳಿಕೊಡಲಿಲ್ಲ ನಮಗ.

ಹುಡುಗಿ: ನೋಡ್ರಿ. ಅಷ್ಟು ಎತ್ತರದವರನ್ನೂ ಮರತೀವಿ. ಉಮಾಶ್ರೀಯವರು ಮರಿಯಾಕ ಬಿಡಲಿಲ್ಲ. ರಾಜಕೀಯಕ್ಕ ಬಂದ್ರು. ಬೆಂಗಳೂರಿನ ಮಗ್ಗುಲಿಗಿನ ಸುಲಭದ ಕ್ಷೇತ್ರ ಹುಡುಕಲಿಲ್ಲ. ನಮ್ಮ ಪಕ್ಕದ ತೇರದಾಳಕ್ಕ ಬಂದು ನಿಂತ್ರು.

ಕಾಕಾ: ರಬಕವಿ-ಬನಹಟ್ಟಿ ನೇಕಾರರ ಮಂದಿ ಅವರು, ನನ್ನ ಬೀಗರು ಅಲ್ಲಿಯವರದಾರ. ಪಾತ್ರ ನೋಡಿ ಮತ ಹಾಕುವವರಲ್ಲ. 2008ರಾಗ ಸೋಲಿಸಿದ್ರು, 2013ರಾಗ ಗೆಲ್ಲಿಸಿದ್ರು, 2018ರಾಗ ಮತ್ತ ಸೋಲಿಸಿದ್ರು. ಗೆದ್ದಾಗ ಮಂತ್ರಿ ಆದ್ಲು, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ, ಕನ್ನಡ ಮತ್ತು ಸಂಸ್ಕೃತಿ ಖಾತೆ. ಅವರು ನೂಲು, ಮಗ್ಗ, ಸಾಲದ ಲೆಕ್ಕ ಕೇಳಿದ್ರು ವಿನಾ ಹಳೇ ಸಿನಿಮಾದ ಲೆಕ್ಕ ಕೇಳಲಿಲ್ಲ. ಅಷ್ಟಂತೂ ಆ ಮಂದಿದು ದೊಡ್ಡತನ.

ಹುಡುಗಿ: ಹಂಗಾದ್ರ ಹಳೇ ಸಿನಿಮಾದ ಲೆಕ್ಕ ನೀವೊಬ್ಬರೇ ಯಾಕ ಕೇಳತೀರಿ?

ಕಾಕಾ: ಯಾಕಂದ್ರ ಅದರ ಬಡ್ಡಿ ನಾ ಕಟ್ಟಾಕತ್ತೀನಿ, ತಂಗಿ. ಹೋದ ವರ್ಷದ ಜಾತ್ರಿ ನಾಟಕ ನೀ ನೋಡಿದ್ದಿ. ಹಾಸ್ಯದ ಪಾತ್ರಕ್ಕ ಬಂದ ಆ ಹೆಣ್ಣುಮಗಳು, ಪಾಪ, ಬಸ್ಸಿನಿಂದ ಇಳದಾಕಿನೇ ಮುಖಕ್ಕ ಬಣ್ಣ ಹಚ್ಚಿಕೊಂಡು ನಿಂತ್ಲು. ಮೊದಲನೇ ಸೀನಿಗೇ ಒನ್ಸ್ ಮೋರ್. ಒಬ್ಬ ಆಯೇರಿ ಮಾಡಾಕ ಸ್ಟೇಜ್ ಹತ್ತಿದ. ನೋಟು ಕೈಯಾಗ ಕೊಡಲಿಲ್ಲ. ಹೆಗಲಿಗೆ ಪಿನ್ನು ಚುಚ್ಚತೀನಿ ಅಂದ. ಆಕಿ ನಕ್ಕೋಂತ ಒಂದು ಹೆಜ್ಜಿ ಹಿಂದ ಸರದ್ಲು. ಆತ ಒಂದು ಹೆಜ್ಜಿ ಮುಂದ ಬಂದ. ಪೇಟಿ ಮಾಸ್ತರ ನುಡಸೂದು ನಿಲ್ಲಿಸಿ ನನ್ನ ಕಡೆ ನೋಡಿದ. ಮೈಕಿನ್ಯಾಗ ಆತನ ಹೆಸರು, ದುಡ್ಡಿನ ಲೆಕ್ಕ ಎಲ್ಲ ಕೂಗಿದ್ರು. ನಾ ವಿಂಗ್‌ನಾಗ ನಿಂತಿದ್ನಿ. ಆಡಿದ ಮಾತಿನಿಂದ ಆತಗ ಆ ಧೈರ್ಯ ಬಂತು ಅಂತ ನನಗನಸ್ತು.

ಹುಡುಗಿ: ಧೈರ್ಯ ಬಂದಿದ್ದು ಮಾತಿನಿಂದಲ್ಲ. ಸ್ಟೇಜ್ ಹತ್ತಿದ್ರ ಯಾರೂ ಇಳಸಂಗಿಲ್ಲ ಅಂತ ಆತಗ ಗೊತ್ತಿತ್ತು, ಅದರಿಂದ. ಆಯೇರಿಯವರು ಮೆಟ್ಟಲದ ಕೆಳಗ ನಿಂತು ಕೊಡಬೇಕಂತ ನೀವು ಕಮಿಟಿಯಾಗ ಒಂದು ಮಾತು ಹೇಳಿದ್ರ ಮುಗೀತು.

ಕಾಕಾ: ಅದನ್ನ ಹೇಳತೀನಿ, ಈ ವರ್ಷ ಹೇಳೇ ಹೇಳತೀನಿ. ಅದಷ್ಟ ಅಲ್ಲ. ಹಾಸ್ಯದ ಆ ಎರಡು ಸೀನು ಪೂರ್ತಿ ತಗದು ಹಾಕಬೇಕಂತ ಮಾಡೀನಿ. ಇದ್ದ ಕಥಿ ಸಾಕು.

ಹುಡುಗಿ: ತಗೀರಿ. ಆಮ್ಯಾಲ ಆ ಪಾತ್ರಕ್ಕ ಯಾರನ್ನ ಕರೀತೀರಿ?

ಕಾಕಾ: ಪಾತ್ರನೇ ಇರಂಗಿಲ್ಲಂದ್ರ ಯಾರನ್ನೂ ಕರಿಯೂದಿಲ್ಲ. ನಾಯಕಿ ಒಬ್ಬಾಕಿ, ತಾಯಿ ಪಾರ್ಟಿಗೆ ಒಬ್ಬಾಕಿ, ಇಬ್ಬರು ಸಾಕು.

ಹುಡುಗಿ: ಇದ ನೋಡ್ರಿ ಕಾಕಾ. ನಿಮ್ಮ ಮರ್ಯಾದಿ ಉಳೀತು, ಆಕಿ ರಾತ್ರಿ ದುಡಿಮಿ ಹೋತು. ಜಾತ್ರಿ ಸೀಜನ್ ಎಷ್ಟು ತಿಂಗಳದು? ಮಳಿ ಬಿತ್ತಂದ್ರ ನಾಟಕ ಬಂದ್. ನಾಯಕಿ ಪಾತ್ರಕ್ಕ ಆಕಿನ್ನ ಕರಿಯಂಗಿಲ್ಲ, ವಯಸ್ಸಾತು ಅಂತೀರಿ, ದಪ್ಪ ಅಂತೀರಿ. ಹಾಸ್ಯದ ಪಾತ್ರನ್ನ ನೀವೇ ತಗದ್ರಿ. ಆಕಿ ಎಲ್ಲಿಗೆ ಹೋಗಬೇಕು? ಉಮಾಶ್ರೀಯವರಿಗೂ ಯಾರೋ ಹಿಂಗ ಮರ್ಯಾದಿ ಉಳಿಸಿದ್ದಿದ್ರ ಗುಲಾಬಿ ತನಕ ಅವರು ಬರತಿದ್ದಿಲ್ಲ.

ಕಾಕಾ: ಮತ್ತೇನು, ಅದೇ ಮಾತು ಆಕಿ ಬಾಯಿಂದ ಮತ್ತೊಂದು ವರ್ಷ ಆಡಸಲೇನು? ದುಡ್ಡು ಕೊಡತೀವಿ ಅನ್ನೂ ಒಂದೇ ಕಾರಣಕ್ಕ? ನನ್ನ ಕೈಲೆ ಆಗೂದಿಲ್ಲ.

ಹುಡುಗಿ: ಪಾತ್ರ ಇಟ್ಟು ಮಾತು ಬದಲಿಸ್ರಿ. ಬಾಯಿ ಇರುವ ಹೆಂಗಸನ್ನ ಬರೀರಿ. ನಮ್ಮೂರ ಸಂತಿಯಾಗ ಕಾಯಿಪಲ್ಲೆ ಮಾರುವ ಹೆಂಗಸರು ಒಂದು ತಾಸು ಮಾತಾಡಿದ್ರ ನಿಮ್ಮ ಎರಡು ಸೀನಿಗೆ ಸಾಕು.

ಕಾಕಾ: ಬರೀಬಹುದು. ಬರದ್ರ ಜನ ನಗತಾರೇನು? ನಗಲಿಲ್ಲಂದ್ರ ಎದುರಿಗೆ ಕುಂತ ಹುಡುಗರು ಕೂಗಾಡತಾರ, ಹೊಡೆತ ತಿನ್ನೂದು ಆಕಿನೇ. ನನಗ ಕೂಗಂಗಿಲ್ಲ ಅವರು.

ಹುಡುಗಿ: ಅದು ಖರೆ. ಅದನ್ನ ನಾ ವಿಚಾರ ಮಾಡಿದ್ದಿಲ್ಲ… ಆಕಿನ್ನೇ ಕೇಳ್ರಿ. ಯಾವ ಮಾತು ಆಡತೀಯವಾ, ಯಾವುದು ಆಡಂಗಿಲ್ಲ ಅಂತ.

ಕಾಕಾ: ಇಷ್ಟು ವರ್ಷ ನಾಟಕ ಕಲಿಸೀನಿ. ಯಾವ ನಟಿಗೂ ಇದನ್ನ ಕೇಳಿಲ್ಲ. ಪ್ರತಿ ಕೊಡತಿದ್ವಿ, ಬಾಯಿಪಾಠ ಮಾಡಕೊಂಡು ಬರತಿದ್ರು. ಆಕಿ, ಏನಾದ್ರೂ ಸರಿ ಮಾಸ್ತರ, ಒನ್ಸ್ ಮೋರ್ ಬೀಳಬೇಕು, ಹಳೇ ಮಾತೇ ಇರಲಿ ಅಂದ್ರ?

ಹುಡುಗಿ: ಅಂದ್ರ… ನಿಮಗ ಬ್ಯಾಡಾದ ಮಾತು ಆಕಿಗೆ ಬೇಕು. ಆಗ ಏನು ಮಾಡಬೇಕಂತ ನನಗೂ ತಿಳೀವಲ್ದು. ಆದ್ರೂ ಕೇಳ್ರಿ. ಕೇಳದ ನಾವಿಬ್ಬರೇ ಇಲ್ಲಿ ಕುಂತು ಆಕಿ ಪರವಾಗಿ ತೀರ್ಮಾನ ಮಾಡೂದು ಸರಿ ಅಲ್ಲ.

ಕಾಕಾ: ನಂಬರ ಐತಿ ನನ್ನ ಹತ್ರ. ಈಗ ಮಾಡಿದ್ರ ಎತ್ತಂಗಿಲ್ಲ. ಈ ಹೊತ್ತಿನಾಗ ಯಾವುದರೆ ಊರಾಗ ಬಣ್ಣ ಹಚ್ಚಿಕೊಳ್ಳಾಕ ಕುಂತಿರತಾಳ. ಮುಂಜಾನೆ ಎದ್ದ ಕೂಡಲೆ ಮಾಡತೀನಿ.

ಹುಡುಗಿ: ಮುಂಜಾನೆ ಬ್ಯಾಡ್ರಿ ಕಾಕಾ. ನಾಟಕ ಮುಗದು ಬೆಳಗಿನ ಬಸ್ಸಿಗೆ ಮನಿ ಮುಟ್ಟಿ ಆಗತಾನೇ ಮಲಗಿರತಾರ. ಮಧ್ಯಾಹ್ನದ ಮ್ಯಾಲ ಮಾಡ್ರಿ.